ಒಳಗಿನ ಅಗಣಿ

ಏಪ್ರಿಲ್ 3, 1984

ಈ ವರ್ಷದ ಮೊದಲ ಗುಡುಗು ಇವತ್ತು ಕೇಳಿತು. ನೂಡಲ್ಸಿಗೆ ಹಿಟ್ಟು ಕಲಸುತ್ತಿದ್ದೆ. ಪಶ್ಚಿಮದ ಸುಣ್ಣಕಲ್ಲು ಗುಡ್ಡಗಳ ಆಚೆ ಒಂದೇ ಒಂದು ಸಲ ಗುಡುಗಿ ಸುಮ್ಮನಾಯಿತು. ಹಿಟ್ಟನ್ನು ಅಲ್ಲೇ ಬಿಟ್ಟು, ಕೈ ತೊಳೆದು, ಪಿಕಪ್ ಹತ್ತಿ ಪೇಟೆಗೆ ಹೋದೆ. ಹಾರ್ಡ್‌ವೇರ್ ಅಂಗಡಿಯಲ್ಲಿದ್ದ ಅಗಣಿಗಳಲ್ಲೇ ದಪ್ಪನೆಯದನ್ನು ಆರಿಸಿದೆ.

ಅಂಗಡಿಯವನಿಗೆ ಬಾಯಿ ಸುಮ್ಮನಿರುವುದಿಲ್ಲ. "ಯಾವ ಬಾಗ್ಲಿಗೆ ಫಿಲೋಮಿನಮ್ಮ ಇದು?"

"ಕೋಳಿಗೂಡಿಗೆ."

"ಇಷ್ಟು ದಪ್ಪದ್ದಾ? ಕೋಳಿ ಸಾಕಿದೀರೋ ಕರಡಿ ಸಾಕಿದೀರೋ?"

"ನರಿ ಕಾಟ ಕಣಪ್ಪಾ. ಎರಡು ಕಾಲಿನ ನರಿ."

ಅವನು ನಕ್ಕ. ನಾನೂ ನಕ್ಕೆ. ಮನೆಗೆ ಬಂದು ಅಂಗಳದ ನೆಲಮಾಳಿಗೆಗೆ ಇಳಿದು, ಬಾಗಿಲ ಒಳಮೈಗೆ ನಾನೇ ಅಗಣಿ ಕೂರಿಸಿದೆ. ಸ್ವಲ್ಪ ಸೊಟ್ಟಗೆ ಕೂತಿದೆ. ತೆಗೆಯುವಾಗ ಬಿಗಿಯಾಗುತ್ತದೆ. ಇರಲಿ, ನಾನು ಹಾಕಿದ್ದು ತೆಗೆಯುವುದಕ್ಕಲ್ಲ.

ನಮ್ಮ ಕಡೆ ಸುಂಟರಗಾಳಿ ಬಂದಾಗ ಅಡಗಿಕೊಳ್ಳುವ ನೆಲಮಾಳಿಗೆಗೆ ಯಾರೂ ಅಗಣಿ ಹಾಕುವುದಿಲ್ಲ. ಬೀಗವಂತೂ ಇಲ್ಲವೇ ಇಲ್ಲ. ಬಾಗಿಲಿಗೆ ಒಳಗಿನಿಂದ ಒಂದು ಹಗ್ಗ ಕಟ್ಟಿರುತ್ತದೆ. ಗಾಳಿ ಬಾಗಿಲನ್ನು ಕಿತ್ತುಕೊಂಡು ಹೋಗದಂತೆ ಮನೆಯ ಗಂಡಸು ಹಗ್ಗ ಹಿಡಿದು ಕೂರುತ್ತಾನೆ, ಹೊರಗೆ ಯಾರಾದರೂ ಬಡಿದರೆ ಸಡಿಲ ಬಿಡುತ್ತಾನೆ. ಯಾರ ನೆಲಮಾಳಿಗೆಗೆ ಯಾರು ಬೇಕಾದರೂ ಇಳಿಯಬಹುದು. ವೋಲ್ಗಾ ನದಿಯ ದಂಡೆಯಿಂದ ಈ ಕಾನ್ಸಸ್ ಬಯಲಿಗೆ ಬಂದ ನಮ್ಮ ಅಜ್ಜಂದಿರು ಮೊದಲು ಕಟ್ಟಿದ್ದು ಇಗರ್ಜಿ, ಆಮೇಲೆ ಈ ಕಟ್ಟಳೆ. ಮಕ್ಕಳಿಗೂ ಗೊತ್ತಿರುವ ಮಾತು.

ವರ್ನ್ ಲೈಕರ್‌ಗೂ ಗೊತ್ತಿತ್ತು. ರಸ್ತೆಯಾಚೆಯ ನೆರೆಯವನು, ನನ್ನ ಗಂಡ ಆಲ್ವಿನ್ ಜೊತೆ ಒಂದೇ ಬೆಂಚಿನಲ್ಲಿ ಓದಿದವನು, ನಮ್ಮ ಮದುವೆಯಲ್ಲಿ ಉಂಗುರ ಹಿಡಿದು ನಿಂತವನು. ಕಳೆದ ವರ್ಷ ಅವನ ನೆಲಮಾಳಿಗೆಯಿಂದ ಯಾರೋ ಚೆರ್ರಿ ವೈನಿನ ಬಾಟಲಿ ಕದ್ದರಂತೆ. ಬೀಗ ಜಡಿದ. ಜೂನ್‌ನಲ್ಲಿ ಆಲ್ವಿನ್ ಹೊಲದಂಚಿನ ಬೇಲಿ ಸರಿಮಾಡುತ್ತಿದ್ದಾಗ ಸುಂಟರಗಾಳಿ ಗುಡ್ಡ ಇಳಿದು ಬಂತು. ನಮ್ಮ ಅಂಗಳ ದೂರ, ವರ್ನ್‌ನ ಅಂಗಳ ಹತ್ತಿರ. ಓಡಿದ. ಬೀಗ ಇತ್ತು. ಕೈಯಲ್ಲಿದ್ದ ಸುತ್ತಿಗೆಯಿಂದ ಬೀಗಕ್ಕೆ ಹೊಡೆದ. ಹೊಡೆತದ ಗುರುತುಗಳನ್ನು ನಾನೇ ಬೆರಳಿಟ್ಟು ನೋಡಿದ್ದೇನೆ. ಗಾಳಿ ನಿಂತ ಮೇಲೆ ಅವನು ಸಿಕ್ಕಿದ್ದು ಅದೇ ಬಾಗಿಲ ಪಕ್ಕದಲ್ಲಿ. ಆ ಹೊತ್ತಿಗೆ ವರ್ನ್ ಪೇಟೆಯಲ್ಲಿ ಕಾಫಿ ಕುಡಿಯುತ್ತಿದ್ದ. ಕೀಲಿಕೈ ಅವನ ಜೇಬಿನಲ್ಲಿತ್ತು.

ಮಣ್ಣಿಗೆ ಬಂದ. ಹ್ಯಾಟು ಕೈಯಲ್ಲಿ ಹಿಡಿದು ನಿಂತ, ಒಂದು ಮಾತಿಗೂ ಬಾಯಿ ಬಿಡಲಿಲ್ಲ. ಆಮೇಲೆ ತನ್ನ ನೆಲಮಾಳಿಗೆಗೆ ಟ್ರ್ಯಾಕ್ಟರಿನಲ್ಲಿ ಮಣ್ಣು ತಂದು ತುಂಬಿ ಮುಚ್ಚಿಬಿಟ್ಟ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಮುಚ್ಚಿದರಂತೆ. ಅವನ ಮನೆಯೂ ಅದೇ ಗಾಳಿಗೆ ಹೋಗಿತ್ತು. ಈಗ ತಗಡಿನ ಟ್ರೇಲರ್ ಮನೆಯಲ್ಲಿದ್ದಾನೆ. ಸುಂಟರಗಾಳಿಗೆ ಅದು ಒಂದು ತುತ್ತು.

ಅಂದರೆ ಇನ್ನು ಅವನಿಗೆ ಹತ್ತಿರದಲ್ಲಿರುವುದು ನನ್ನ ನೆಲಮಾಳಿಗೆ ಒಂದೇ. ಇವತ್ತಲ್ಲ ನಾಳೆ ಬಂದು ಬಡಿಯಲೇಬೇಕು. ಬಡಿಯಲಿ. ನಾನು ಒಳಗೆ ಕೂತು ಕೇಳುತ್ತೇನೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು.

ಹಗ್ಗವನ್ನು ಬಿಚ್ಚಿ ತಂದು ಬಟ್ಟೆ ಒಣಹಾಕಲು ಕಟ್ಟಿದ್ದೇನೆ. ಆಲ್ವಿನ್‌ನ ಸುತ್ತಿಗೆಯನ್ನು ನೆಲಮಾಳಿಗೆ ಬಾಗಿಲ ಪಕ್ಕ ಮೊಳೆಗೆ ನೇತುಹಾಕಿದೆ. ವರ್ನ್ ಹೊರಗಿಂದ ಬಡಿದರೆ ನಾನು ಒಳಗಿಂದ ಬಡಿಯುವೆ, ಆಗ ಗೊತ್ತಾಗಲಿ ಯಾರ ಸುತ್ತಿಗೆ ಅಂತ.

ಏಪ್ರಿಲ್ 15, ಗರಿಗಳ ಭಾನುವಾರ

ಪೂಜೆಯ ನಡುವೆ ಕಿಟಕಿ ಗಾಜು ಕಪ್ಪಾಯಿತು. ಪಾದ್ರಿಗಳು ದನಿ ಏರಿಸಿದರು. ಮಳೆ ಬಂತು, ಹೋಯಿತು, ಅಷ್ಟೇ.

ಅಕ್ಕಪಕ್ಕದವರ ಕೈ ಹಿಡಿದು ಶಾಂತಿ ಹೇಳಿಕೊಳ್ಳುವ ಹೊತ್ತಿಗೆ ಹಿಂದಿನ ಬೆಂಚಿನಿಂದ ವರ್ನ್ ಕೈ ಚಾಚಿದ. ನಾನು ಕೈಚೀಲದಲ್ಲಿ ಕರವಸ್ತ್ರ ಹುಡುಕತೊಡಗಿದೆ. ಕರವಸ್ತ್ರ ಕೈಯಲ್ಲೇ ಇತ್ತು.

ಪಾದ್ರಿಗಳು ಮಂತ್ರಿಸಿದ ತಾಳೆಗರಿ ತಂದು ಶಿಲುಬೆಯ ಹಿಂದೆ ಸಿಕ್ಕಿಸಿದೆ. ಪ್ರತಿ ವರ್ಷ ದೊಡ್ಡ ಗುಡುಗು ಬಂದರೆ ಇದರ ಒಂದು ತುಂಡು ಒಲೆಗೆ ಹಾಕಿ ಸುಡುತ್ತೇವೆ, ಸಿಡಿಲು ದೂರ ಹೋಗಲಿ ಅಂತ. ಅಮ್ಮ ಸುಡುತ್ತಿದ್ದಳು, ಅವಳ ಅಮ್ಮ ಸುಡುತ್ತಿದ್ದಳು. ಈ ವರ್ಷ ನಾನು ಸುಡುವುದಿಲ್ಲ. ಬರಲಿ. ದೊಡ್ಡದೇ ಬರಲಿ.

ಏಪ್ರಿಲ್ 29

ಬಂತು, ಆದರೆ ನನ್ನ ಕಡೆಗಲ್ಲ.

ಮಧ್ಯಾಹ್ನದಿಂದಲೇ ಹೊಳೆಯ ಆಚೆ ಮೋಡ ಬೆಳೆಯುತ್ತಿತ್ತು. ಮೊದಲು ಹೂಕೋಸಿನ ಹಾಗೆ ಬಿಳಿ ಬಿಳಿ ಉಬ್ಬಿತು. ಆಮೇಲೆ ತಲೆ ಚಪ್ಪಟೆಯಾಗಿ, ಕಮ್ಮಾರನ ಅಡಿಗಲ್ಲಿನ ಆಕಾರ ಬಂತು. ಅದರ ಬುಡ ಮಾತ್ರ ಸೀಸದ ಬಣ್ಣ. ಹೊಳೆಯಂಚಿನ ಕಾಟನ್‌ವುಡ್ ಮರಗಳು ಎಲೆಗಳ ಬೆನ್ನು ತೋರಿಸಿ ಬಾಗಿದವು. ನಾನು ದೀಪ ಹಿಡಿದು ನೆಲಮಾಳಿಗೆಗೆ ಇಳಿದೆ, ಬಾಗಿಲು ಎಳೆದುಕೊಂಡೆ, ಅಗಣಿಯ ಮೇಲೆ ಕೈ ಇಟ್ಟು ಕೂತೆ. ಎದೆ ಹೊಡೆದುಕೊಳ್ಳುತ್ತಿತ್ತು. ಭಯಕ್ಕಲ್ಲ, ಆಸೆಗೆ.

ಯಾರೂ ಬರಲಿಲ್ಲ. ಹತ್ತಿ ಬಂದು ನೋಡಿದರೆ ಮೋಡ ಉತ್ತರಕ್ಕೆ ಸರಿದು, ಬೇರೆಯವರ ಗೋಧಿಯ ಮೇಲೆ ಬಿಳಿ ಪರದೆ ಎಳೆದುಕೊಂಡು ಹೋಗುತ್ತಿತ್ತು. ವರ್ನ್‌ನ ಟ್ರೇಲರಿನ ಕಿಟಕಿಯಲ್ಲಿ ಅವನು ಕೂತಿದ್ದು ಕಾಣಿಸಿತು. ಆರಾಮಾಗಿ ಕೂತಿದ್ದಾನೆ, ಮಹಾರಾಜ.

ಆಗ ಹೊಳೆಯಿತು. ನಾನು ಮುಖ ತಿರುಗಿಸುತ್ತಿದ್ದರೆ ಅವನು ಯಾಕೆ ಬಂದಾನು? ಇಲಿ ಹಿಡಿಯಬೇಕಾದರೆ ಬೋನಿನಲ್ಲಿ ತಿಂಡಿ ಇಡಬೇಕು. ಇನ್ನು ಮೇಲೆ ಅವನ ಜೊತೆ ಚೆನ್ನಾಗಿರಬೇಕು.

ಮೇ 6

ಚೆನ್ನಾಗಿರುವುದು ನನಗೆ ಬರುವುದಿಲ್ಲ.

ಆಲ್ವಿನ್ ಅರ್ಧಕ್ಕೆ ಬಿಟ್ಟ ಬೇಲಿಯ ಹತ್ತಿರ ವರ್ನ್ ನಿಂತಿದ್ದ. ನಮ್ಮಲ್ಲಿ ಮರ ಕಡಿಮೆ, ಬೇಲಿಗೆ ಕಲ್ಲಿನ ಕಂಬಗಳೇ. ಎರಡು ಕಂಬ ಆಗಿನಿಂದ ಮಲಗಿಯೇ ಇವೆ. ಅವನ ಕೈಯಲ್ಲಿ ಹಾರೆ, ತಂತಿಯ ಸುರುಳಿ. ನಾನು ಹೊಲ ದಾಟಿ ಹೋದೆ.

"ಮುಟ್ಟಬೇಡ ಅದನ್ನ."

"ಕಂಬ ಎತ್ತಿ ನಿಲ್ಲಿಸೋಣ ಅಂತ ಬಂದೆ ಫಿಲೋ. ನಿನ್ನ ಹಸು ಆಚೆ ಹೋಗ್ತಿದ್ವು."

"ಅದು ಆಲ್ವಿನ್ ಹಿಡಿದ ಕೆಲಸ. ಅವನು ಯಾಕೆ ಮುಗಿಸಲಿಲ್ಲ ಅಂತ ನಿನಗೆ ಗೊತ್ತಲ್ಲ?"

ಹಾರೆಯನ್ನು ನೆಲಕ್ಕೆ ಊರಿ ಅದರ ಮೇಲೆ ಎರಡೂ ಕೈ ಇಟ್ಟು ನಿಂತ. ಮೊಣಕಾಲು ನೋವು ಇನ್ನೂ ಇದೆ ಅವನಿಗೆ, ಒಂದು ಕಾಲಿನ ಮೇಲೆಯೇ ಭಾರ ಹಾಕುತ್ತಾನೆ. ತುಂಬ ಇಳಿದಿದ್ದಾನೆ. ಒಂಟಿ ಗಂಡಸು ಡಬ್ಬದ ಹುರುಳಿಯಲ್ಲೇ ಕಾಲ ಹಾಕಿದರೆ ಇನ್ನೇನಾಗುತ್ತದೆ?

ಅಷ್ಟರಲ್ಲಿ ಬೋನಿನ ನೆನಪಾಯಿತು. ಗಂಟಲು ಸರಿಮಾಡಿಕೊಂಡೆ.

"ಇರಲಿ ಬಿಡು. ನೋಡು, ಗಾಳಿ ಗೀಳಿ ಎದ್ರೆ ನಮ್ಮ ನೆಲಮಾಳಿಗೆಗೆ ಬಂದ್ಬಿಡು. ಆ ತಗಡಿನ ಡಬ್ಬದಲ್ಲಿ ಕೂತಿರಬೇಡ."

ಅವನು ನನ್ನ ಮುಖವನ್ನೇ ನೋಡಿದ. "ನಿಜವಾಗ್ಲೂ ಹೇಳ್ತಿದೀಯಾ?"

"ನಮ್ಮಲ್ಲಿ ಹಂಗೆ ಯಾರಾದ್ರೂ ಸುಳ್ಳು ಕರೀತಾರಾ?"

"ನೋಡೋಣ," ಎಂದ. ಹಾರೆ ಹೆಗಲಿಗೇರಿಸಿ ಕುಂಟುತ್ತ ಹೋದ. ನೋಡೋಣವಂತೆ. ನಾನು ಇಷ್ಟು ತಗ್ಗಿ ಕರೆದಿದ್ದಕ್ಕೆ ನೋಡೋಣ! ಮೈಯೆಲ್ಲ ಉರಿಯಿತು.

ಮೇ 9

ಎಲೆಕೋಸು ಮಾಂಸ ತುಂಬಿ ಬಿರಾಕ್ ಬನ್ನು ಬೇಯಿಸಿದೆ. ಒಂದು ತಟ್ಟೆ ತುಂಬ ಕಟ್ಟಿ, ಟಪಾಲು ಹಂಚುವ ನಡೀನ್ ಕೈಯಲ್ಲಿ ವರ್ನ್‌ಗೆ ಕಳಿಸಿದೆ. ನಡೀನ್‌ಗೆ ನಲವತ್ತಾಯಿತು, ಊರಿನ ಸುದ್ದಿಯೆಲ್ಲ ಪತ್ರಗಳ ಜೊತೆ ಅವಳ ಕಾರಿನಲ್ಲೇ ಓಡಾಡುತ್ತದೆ.

"ಏನಕ್ಕಾ ಇದು? ವರ್ನ್‌ಗಾ? ಸೂರ್ಯ ಇವತ್ತು ಯಾವ ಕಡೆ ಹುಟ್ಟಿದ?"

"ಬಾಯಿ ಮುಚ್ಕೊಂಡು ತಗೊಂಡು ಹೋಗೇ."

"ವಿಷ ಗಿಷ ಹಾಕಿಲ್ಲ ತಾನೇ?"

"ವಿಷ ಹಾಕೋಳಾಗಿದ್ರೆ ಇಷ್ಟೊಂದು ಮೆಣಸು ಯಾಕೆ ಹಾಕ್ತಿದ್ದೆ? ಅವನಿಗೆ ಮೆಣಸು ಜಾಸ್ತಿ ಇರಬೇಕು."

ಸಂಜೆ ತಟ್ಟೆ ವಾಪಸು ಬಂತು, ತೊಳೆದು ಒರೆಸಿ. ಚೀಟಿ ಇಲ್ಲ, ಮಾತಿಲ್ಲ. ಬಾಯಿಗೆ ಬೀಗ ಹಾಕುವುದರಲ್ಲೂ ನಿಸ್ಸೀಮ.

ಮೇ 13

ಸುಮ್ಮನೆ ಮಳೆ. ಗುಡುಗಿಲ್ಲ. ಇಂಥ ಮಳೆ ಗೋಧಿಗೆ ಒಳ್ಳೆಯದು, ನನಗಲ್ಲ.

ಮೇ 20

ನೆಲಮಾಳಿಗೆ ಸಾರಿಸಿದೆ. ಜೇಡರ ಬಲೆ ಗುಡಿಸಿದೆ. ಪೀಚ್ ಹಣ್ಣಿನ ಜಾಡಿಗಳನ್ನು ಒರೆಸಿಟ್ಟೆ. ಅಡುಗೆಮನೆಯಿಂದ ನನ್ನ ಕುರ್ಚಿಯ ಜೊತೆ ಆಲ್ವಿನ್‌ನ ಬೆನ್ನೊರಗು ಕುರ್ಚಿಯನ್ನೂ ಇಳಿಸಿ ಇಟ್ಟೆ, ಮಣೆಯ ಮೇಲೆ ಕೂತರೆ ಮೊಣಕಾಲು ನೋವಿನವರಿಗೆ ಏಳಲು ಆಗುವುದಿಲ್ಲ.

ಬಾಗಿಲು ತೆರೆದಿದ್ದನ್ನು ಕಂಡು ನಡೀನ್ ಬಗ್ಗಿ ನೋಡಿದಳು. "ಎರಡು ಕುರ್ಚಿ ಯಾಕಕ್ಕಾ?"

"ಒಂದು ನನಗೆ, ಒಂದು ನನ್ನ ಕಾಲು ಚಾಚೋಕೆ."

"ಮತ್ತೆ ಎರಡು ಲೋಟ?"

ಈ ಹೆಂಗಸಿನ ಕಣ್ಣು ಬಲು ಚೂಪು. ನಾನು ಏನೋ ಗೊಣಗಿದೆ. ನಿಜ ಹೇಳಬೇಕೆಂದರೆ ನನ್ನ ಲೆಕ್ಕ ಸರಿಯಾಗಿಯೇ ಇದೆ. ಅವನು ಒಮ್ಮೆ ಬಂದು ಇಣುಕಿ ನೋಡಿದರೆ, ಕುರ್ಚಿ ಲೋಟ ಎಲ್ಲ ಕಂಡರೆ, ಮುಂದಿನ ಸಲ ಧೈರ್ಯವಾಗಿ ಓಡಿ ಬರುತ್ತಾನೆ. ಆಗ ಅಗಣಿ. ತನಗಾಗಿ ಇಟ್ಟ ಕುರ್ಚಿ ಒಳಗಿದೆ ಅಂತ ಗೊತ್ತಿದ್ದೂ ಹೊರಗೆ ನಿಲ್ಲಬೇಕು. ಇದಕ್ಕಿಂತ ದೊಡ್ಡ ಶಿಕ್ಷೆ ಯಾವುದು?

ಹಳೆಯ ಕಂಬಳಿಯನ್ನೂ ಇಟ್ಟೆ. ಕೆಳಗೆ ತಂಡಿ.

ಮೇ 24

ಸಂಜೆ ದಕ್ಷಿಣದಲ್ಲಿ, ದನಗಳನ್ನು ಕೊಬ್ಬಿಸುವ ದೊಡ್ಡ ದೊಡ್ಡಿಯ ಮೇಲೆ, ಮೋಡ ಇಳಿದು ನಿಂತಿತು. ಅಲ್ಲಿ ಗುಡ್ಡವಿಲ್ಲ, ಮರವಿಲ್ಲ, ಬರೀ ಚಪ್ಪಟೆ ಧೂಳು, ಆದ್ದರಿಂದ ಮಿಂಚು ತುದಿಯಿಂದ ಬುಡದವರೆಗೆ ಪೂರ್ತಿ ಕಾಣುತ್ತದೆ. ಒಂದೊಂದು ಮಿಂಚಿಗೂ ಸಾವಿರ ದನಗಳ ಬೆನ್ನು ಬೆಳಗಿ ಆರುತ್ತಿತ್ತು. ದನಗಳ ಕೂಗು ಇಲ್ಲಿಯವರೆಗೆ ಕೇಳಿಸಿತು. ಪೇಟೆಯ ಸೈರನ್ನೂ ಕೂಗಿತು.

ನಾನು ಬಾಗಿಲು ತೆರೆದು ಮೆಟ್ಟಿಲ ಮೇಲೆ ನಿಂತೆ. ವರ್ನ್ ಹೊರಗೆ ಬಂದ. ಬಂದನಲ್ಲ, ಅಂದುಕೊಂಡೆ. ಅವನು ಈ ಕಡೆ ಬರಲಿಲ್ಲ. ತಾನು ಮಣ್ಣು ಮುಚ್ಚಿದ ನೆಲಮಾಳಿಗೆಯ ಹತ್ತಿರ ಹೋಗಿ, ಹ್ಯಾಟು ತೆಗೆದು ನಿಂತ. ಏನನ್ನೋ ಕೇಳಿಸಿಕೊಳ್ಳುವವನ ಹಾಗೆ ತಲೆ ಒಂದು ಪಕ್ಕಕ್ಕೆ ವಾಲಿಸಿದ್ದ. ಮಿಂಚು ಹೊಡೆದಾಗಲೆಲ್ಲ ಅಲ್ಲೇ ಕಂಡ. ಗಾಳಿ ದಿಕ್ಕು ಬದಲಿಸಿ ಮೋಡ ಪೂರ್ವಕ್ಕೆ ಹೋಗುವವರೆಗೂ ಕದಲಲಿಲ್ಲ.

ನಾನು ಅಷ್ಟೂ ಹೊತ್ತು ಬಾಗಿಲು ತೆರೆದುಕೊಂಡು ಮಳೆಯಲ್ಲಿ ನೆನೆದೆ. ಸಿಡಿಲು ಹೊಡೆದು ಸತ್ತರೆ ನನ್ನ ಗತಿಯೇನು ಅಂತ ಒಂದಾದರೂ ಯೋಚನೆ ಇದೆಯೇ ಅವನಿಗೆ? ಸ್ವಾರ್ಥಿ. ಮೊದಲಿನಿಂದಲೂ ಸ್ವಾರ್ಥಿ.

ಮೇ 28

ಸಮಾಧಿಗಳಿಗೆ ಹೂವು ಇಡುವ ದಿನ. ನಾನು ಹೋಗುವ ಮೊದಲೇ ಆಲ್ವಿನ್‌ನ ಕಲ್ಲಿನ ಮುಂದೆ ಕೆಂಪು ಪಿಯೋನಿ ಹೂವುಗಳಿದ್ದವು. ಆ ಕೆಂಪು ಬೆಳೆಯುವುದು ವರ್ನ್‌ನ ಅಂಗಳದಲ್ಲಿ ಮಾತ್ರ.

ತೆಗೆದು ಬಿಸಾಡಲು ಹೋದೆ. ನೆತ್ತಿಯ ಮೇಲೆ ಮೋಡಗಳು ತುಂಬಿದ ಚೀಲಗಳಂತೆ ಸಾಲಾಗಿ ಜೋತುಬಿದ್ದಿದ್ದವು, ಇಳಿಬಿಸಿಲಿಗೆ ಹಳದಿಯಾಗಿ. ಆಲ್ವಿನ್‌ಗೆ ಇಂಥ ಆಕಾಶವೆಂದರೆ ಇಷ್ಟ, ಊಟ ಬಿಟ್ಟು ಹೊರಗೆ ಬಂದು ನಿಲ್ಲುತ್ತಿದ್ದ. ನನಗೆ ಅಳು ಬಂತು. ಆಲ್ವಿನ್, ನೀನಿಲ್ಲದೆ ಈ ಮನೆ ನನಗೆ ಸಾಕಾಗಿದೆ.

ಹೂವನ್ನು ಬಿಸಾಡಲಿಲ್ಲ. ಎರಡು ಸಾಲು ಆಚೆ ಅಮ್ಮನ ಸಮಾಧಿಯ ಮೇಲಿಟ್ಟೆ. ಅಮ್ಮನಿಗೆ ಪಿಯೋನಿ ಅಂದರೆ ಪ್ರಾಣ, ಸುಮ್ಮನೆ ಯಾಕೆ ಹಾಳುಮಾಡುವುದು? ಒಂದು ಹೂ ಆಲ್ವಿನ್ ಹತ್ತಿರವೇ ಉಳಿದುಹೋಯಿತು. ಹಿಂದಿರುಗಿ ಹೋಗಲು ಬೇಸರವಾಯಿತು.

ಜೂನ್ 3

ಮೋಡವಿಲ್ಲ. ಗೋಧಿ ಬಣ್ಣ ತಿರುಗುತ್ತಿದೆ. ವರ್ನ್‌ನ ಟ್ರೇಲರನ್ನು ನೆಲಕ್ಕೆ ಬಿಗಿದ ಸರಪಳಿ ಒಂದು ಮೂಲೆಯಲ್ಲಿ ಸಡಿಲವಾಗಿದೆ, ಇಲ್ಲಿಂದಲೇ ಕಾಣುತ್ತದೆ. ಹೇಳುವುದು ನನ್ನ ಕೆಲಸವಲ್ಲ.

ಜೂನ್ 5

ನಡೀನ್ ಹತ್ತಿರ ಹೇಳಿ ಕಳಿಸಿದೆ. ಅವನು ಟ್ರೇಲರಿನೊಳಗೇ ಸತ್ತರೆ ನನ್ನ ಬಾಗಿಲು ಬಡಿಯುವವರು ಯಾರು?

ಜೂನ್ 12

ನಿನ್ನೆ ಆಗಿದ್ದನ್ನು ಇವತ್ತು ಬರೆಯುತ್ತಿದ್ದೇನೆ. ಕೈಯಲ್ಲಿ ಬೊಬ್ಬೆ ಎದ್ದಿದೆ, ಅಕ್ಷರ ಸೊಟ್ಟಗೆ ಬರುತ್ತಿದೆ.

ಬೆಳಗ್ಗೆಯಿಂದಲೇ ಗಾಳಿ ಸತ್ತಿತ್ತು. ಮಧ್ಯಾಹ್ನ ಊಟವಾದ ಮೇಲೆ ಪಶ್ಚಿಮದ ಗುಡ್ಡಗಳ ಹಿಂದಿನಿಂದ ಮೋಡ ಎದ್ದಿತು, ಎದ್ದು ಬೆಳೆಯುವುದು ನಿಲ್ಲಲಿಲ್ಲ. ಹೊಲದ ಮೇಲಿನ ಬೆಳಕು ಹಸಿರಾಯಿತು. ಕೋಳಿಗಳು ಹಗಲಲ್ಲೇ ಗೂಡು ಸೇರಿದವು. ಮೋಡದ ಹೊಟ್ಟೆಯಿಂದ ಒಂದು ತುಂಡು ಕೆಳಗಿಳಿದು, ನಿಧಾನಕ್ಕೆ ಸುತ್ತತೊಡಗಿತು. ಕಳೆದ ವರ್ಷ ಕಂಡದ್ದು ಇದನ್ನೇ, ಬಂದ ದಾರಿಯೂ ಅದೇ.

ನಾನು ನೆಲಮಾಳಿಗೆಯ ಮೆಟ್ಟಿಲ ಮೇಲೆ ನಿಂತೆ. ಬಾ, ಈಗ ಬಾ. ಮೊದಲ ಆಲಿಕಲ್ಲು ಬಿತ್ತು, ಬಟಾಣಿ ಗಾತ್ರ. ಆಮೇಲೆ ನಿಂಬೆ ಗಾತ್ರ. ಟ್ರೇಲರಿನ ಬಾಗಿಲು ತೆರೆಯಿತು. ವರ್ನ್ ಹೊರಗೆ ಬಂದು ಆಕಾಶ ನೋಡಿದ, ನನ್ನ ಕಡೆ ನೋಡಿದ. ನಾನು ನಿಂತಿರುವುದು ಅವನಿಗೆ ಕಂಡಿತು, ಖಂಡಿತ ಕಂಡಿತು. ಅವನು ಟ್ರೇಲರಿನ ಮೆಟ್ಟಿಲ ಮೇಲೆ ಕೂತುಬಿಟ್ಟ. ಬಸ್ಸಿಗೆ ಕಾಯುವವನ ಹಾಗೆ, ಕೈ ಕಟ್ಟಿಕೊಂಡು.

ನನಗೆ ಬಂದ ಸಿಟ್ಟನ್ನು ಹೇಗೆ ಬರೆಯಲಿ? ಏಪ್ರಿಲ್‌ನಿಂದ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದಿದ್ದೇನೆ. ಬನ್ನು ಬೇಯಿಸಿದ್ದೇನೆ, ಕುರ್ಚಿ ಇಳಿಸಿದ್ದೇನೆ. ಈ ಮನುಷ್ಯ ಗಾಳಿಗೆ ಸಿಕ್ಕಿ ತನ್ನ ಪಾಡಿಗೆ ತಾನು ಸಾಯಲು ಹೊರಟಿದ್ದಾನೆ, ನನ್ನನ್ನು ಕೇಳದೆ! ಅಡುಗೆಮನೆಗೆ ನುಗ್ಗಿ, ಹಿಟ್ಟು ಕಲಸುವ ಹಿತ್ತಾಳೆ ಪಾತ್ರೆಯನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ರಸ್ತೆ ದಾಟಿ ಓಡಿದೆ. ಆಲಿಕಲ್ಲು ಪಾತ್ರೆಯ ಮೇಲೆ ಬಿದ್ದು ಕಿವಿ ಗುಂಯ್‌ಗುಟ್ಟಿತು.

"ಏಳೋ ಮೇಲೆ!"

"ನೀನು ಯಾಕೆ ಬಂದೆ? ಹೋಗೇ, ಹೋಗು ಒಳಗೆ!"

"ನೀನು ಯಾಕೆ ಬರಲಿಲ್ಲ? ಕರೆದಿದ್ದೆ ತಾನೇ?"

"ಯಾವ ಮುಖ ಇಟ್ಕೊಂಡು ನಿನ್ನ ಬಾಗಿಲು ಬಡೀಲಿ ಫಿಲೋ?"

"ನೀನು ಬಡೀದೇ ಇದ್ರೆ ನಾನು ತೆಗೀದೇ ಇರೋದು ಹೇಗೋ, ಮುಠ್ಠಾಳ!"

ಅವನಿಗೆ ಅರ್ಥವಾಯಿತೋ ಇಲ್ಲವೋ. ಅಂಗಿಯ ಕಾಲರ್ ಹಿಡಿದು ಎಳೆದೆ. ಕುಂಟುತ್ತ ಬಂದ. ರಸ್ತೆಯ ಮಧ್ಯೆ ಒಂದು ಸಲ ಬಿದ್ದ, ಎತ್ತಿದೆ, ಬೈದೆ, ಮತ್ತೆ ಎಳೆದೆ. ಹಿಂದೆ ರೈಲು ಬಂದ ಹಾಗೆ ಸುಂಟರಗಾಳಿಯ ಸದ್ದು ಶುರುವಾಗಿತ್ತು. ಅವನನ್ನು ಮೆಟ್ಟಿಲ ಕೆಳಗೆ ತಳ್ಳಿ, ಬಾಗಿಲು ಎಳೆದು, ಎರಡೂ ಕೈಯಲ್ಲಿ ಅಗಣಿ ಜಡಿದೆ. ಅಭ್ಯಾಸ ಮಾಡಿಟ್ಟಿದ್ದೆನಲ್ಲ, ಕೈ ತಾನಾಗಿ ಮಾಡಿತು.

ಅವನು ಉಸಿರು ತೆಗೆದುಕೊಳ್ಳುತ್ತ ಅಗಣಿಯನ್ನು ನೋಡಿದ. ಆಮೇಲೆ ಮೊಳೆಗೆ ನೇತುಹಾಕಿದ ಸುತ್ತಿಗೆಯನ್ನು ನೋಡಿದ. ಅದರ ಹಿಡಿಯ ಮೇಲೆ ಆಲ್ವಿನ್ ಸುತ್ತಿದ್ದ ಕರಿ ಪಟ್ಟಿಯನ್ನು ಅವನು ಗುರುತು ಹಿಡಿಯದೇ ಇರುತ್ತಾನೆಯೇ?

"ಈ ಅಗಣಿ... ನನಗಾ?"

"ಹೂಂ. ನಿನಗೇ."

ಬೆರಳಿಂದ ಅದನ್ನು ಸವರಿದ. "ಒಳ್ಳೇ ಕಬ್ಬಿಣ," ಎಂದ.

"ಕೂತ್ಕೋ," ಎಂದೆ. ಬೆನ್ನೊರಗು ಕುರ್ಚಿಯಲ್ಲಿ ಕೂತ. ಶಿಲುಬೆಯ ಹಿಂದಿನ ಗರಿ ನನ್ನ ಏಪ್ರನ್ ಜೇಬಿಗೆ ಯಾವಾಗ ಬಂತೋ ಗೊತ್ತಿಲ್ಲ, ಜೇಬಿನಲ್ಲಿ ಚುಚ್ಚುತ್ತಿತ್ತು. ತಂದದ್ದಾಗಿದೆ ಅಂತ ಕಾಫಿ ಡಬ್ಬಿಯಲ್ಲಿ ಹಾಕಿ ಕಡ್ಡಿ ಗೀರಿದೆ. ಇಬ್ಬರೂ ಪ್ರಾರ್ಥನೆ ಹೇಳಲಿಲ್ಲ. ಹೊಗೆಗೆ ಇಬ್ಬರ ಕಣ್ಣಲ್ಲೂ ನೀರು ಬಂತು.

ಆಗ ಬಾಗಿಲು ಬಡಿಯಿತು.

ಗಾಳಿಯ ಬಡಿತವಲ್ಲ. ಮುಷ್ಟಿಯದು. ನಿಂತು ನಿಂತು, ಮತ್ತೆ ಮತ್ತೆ. ಯಾರೋ ಏನೋ ಕೂಗುತ್ತಿದ್ದರು, ಮಾತು ತಿಳಿಯಲಿಲ್ಲ. ವರ್ನ್‌ನ ಮುಖ ಸುಣ್ಣದ ಹಾಗಾಯಿತು. ಮೊಣಕಾಲು ನೋವಿನವನು ಕುರ್ಚಿಯಿಂದ ಹೇಗೆ ಎದ್ದನೋ, ನಾನು ತಿರುಗುವುದರೊಳಗೆ ಮೆಟ್ಟಿಲ ಮೇಲಿದ್ದ. ಅಗಣಿ ಎಳೆದ. ಬರಲಿಲ್ಲ. ನಾನು ಸೊಟ್ಟಗೆ ಕೂರಿಸಿದ್ದು, ಗಾಳಿ ಬಾಗಿಲನ್ನು ಮೇಲಕ್ಕೆಳೆದು ಇನ್ನೂ ಕಚ್ಚಿಕೊಂಡಿತ್ತು. ನಾನೂ ಅವನ ಕೈಯ ಮೇಲೆ ಕೈ ಹಾಕಿ ಎಳೆದೆ. ಕಬ್ಬಿಣ ಅಂಗೈ ಸುಲಿಯಿತು. ಅದು ಅಲ್ಲಾಡಲೂ ಇಲ್ಲ. ಹೊರಗಿನ ಬಡಿತ ನಿಧಾನವಾಗುತ್ತ ಬಂತು.

ಸುತ್ತಿಗೆ ತೆಗೆದು ಅವನ ಕೈಗೆ ಕೊಟ್ಟವಳು ನಾನೇ.

ವರ್ನ್ ಹೊಡೆದ. ಎರಡು ಕೈಯಲ್ಲಿ ಎತ್ತಿ ಹೊಡೆದ. "ಬಂದೆ! ಬಂದೆ ಕಣೋ! ತಡಿ, ಬಂದೆ ಆಲ್ವಿನ್, ಬಂದೆ!" ಅಂತ ಕೂಗುತ್ತ ಹೊಡೆದ. ತಿದ್ದಲು ನನಗೆ ಬಾಯಿ ಬರಲಿಲ್ಲ. ಆ ಹೆಸರನ್ನು ಅವನು ಒಂದು ವರ್ಷದಿಂದ ಎತ್ತಿರಲಿಲ್ಲ. ನನಗೂ ಆ ಹೊತ್ತಿಗೆ ಹೊರಗಿರುವವನು ಆಲ್ವಿನ್ನೇ ಆಗಿದ್ದ. "ಹೊಡಿ ವರ್ನ್, ಹೊಡಿ," ಅಂತ ನಾನೂ ಕಿರುಚುತ್ತಿದ್ದೆ.

ಅಗಣಿ ಮೊಳೆಗಳ ಸಮೇತ ಕಿತ್ತು ಬಂತು. ಬಾಗಿಲು ಹಾರಿ ತೆರೆಯಿತು, ಒಂದು ಕ್ಷಣ ಬರೀ ಕಪ್ಪು ಗಾಳಿ ಕಂಡಿತು. ವರ್ನ್ ಸೊಂಟದವರೆಗೂ ಹೊರಗೆ ಬಾಗಿ ಕೈಗೆ ಸಿಕ್ಕಿದ್ದನ್ನು ಹಿಡಿದು ಒಳಗೆ ಎಳೆದ. ನಡೀನ್. ಹಣೆಯಿಂದ ರಕ್ತ ಇಳಿಯುತ್ತಿತ್ತು, ಟಪಾಲು ಚೀಲವನ್ನು ಮಗುವಿನ ಹಾಗೆ ತಬ್ಬಿಕೊಂಡಿದ್ದಳು.

ಈಗ ಬಾಗಿಲಿಗೆ ಅಗಣಿಯೂ ಇಲ್ಲ, ಹಗ್ಗವೂ ಇಲ್ಲ. ಹಗ್ಗದ ಮೇಲೆ ನನ್ನ ಒಗೆದ ಬಟ್ಟೆಗಳು ಎಲ್ಲಿಗೆ ಹೋಗಿವೆಯೋ. ವರ್ನ್ ಬಾಗಿಲು ಎಳೆದುಕೊಂಡು, ಹಗ್ಗ ಕಟ್ಟುತ್ತಿದ್ದ ಬಳೆಗೆ ಚೀಲದ ಪಟ್ಟಿಯನ್ನು ಪೋಣಿಸಿದ. ಮೂವರೂ ಜೋತುಬಿದ್ದೆವು.

"ಸರ್ಕಾರದ ಚೀಲ ಕಣಕ್ಕಾ," ನಡೀನ್ ಅಳುತ್ತಲೇ ಹೇಳಿದಳು, "ಕಿತ್ತುಹೋದ್ರೆ ನನ್ನ ಕೆಲಸ ಹೋಗುತ್ತೆ."

"ಬಿಡಬೇಡ, ಎಳಿ," ಎಂದ ವರ್ನ್.

ಗಾಳಿ ನಮ್ಮ ಮೇಲೆಯೇ ದಾಟಿತು. ಕಿವಿ ಕಟ್ಟಿತು, ಧೂಳು ಸುರಿಯಿತು, ಪೀಚ್ ಜಾಡಿಗಳು ಒಂದೊಂದಾಗಿ ಬಿದ್ದು ಒಡೆದವು. ಪಟ್ಟಿ ತಡೆದುಕೊಂಡಿತು. ಸದ್ದು ಪೂರ್ವಕ್ಕೆ ಹೋದ ಮೇಲೂ ವರ್ನ್ ಕೈ ಬಿಡಲಿಲ್ಲ. ಬೆರಳುಗಳನ್ನು ನಾನೇ ಒಂದೊಂದಾಗಿ ಬಿಡಿಸಬೇಕಾಯಿತು.

"ಕೇಳಿಸ್ತು ನನಗೆ," ಎಂದ. "ಈ ಸಲ ಕೇಳಿಸ್ತು ಫಿಲೋ." ಆಮೇಲೆ ಆ ಮನುಷ್ಯ ಮೆಟ್ಟಿಲ ಮೇಲೆ ಕೂತು ಅತ್ತ. ಇಷ್ಟು ದಿನ ಬಾಯಲ್ಲಿ ಬಾರದಿದ್ದ ಮಾತೂ ಬಂತು. ಅದನ್ನು ಇಲ್ಲಿ ಬರೆಯುವುದಿಲ್ಲ, ಅವನು ಹೇಳಿದ್ದು ನನಗೆ. ನಾನು ಸಮಾಧಾನ ಮಾಡಲಿಲ್ಲ. ಪಕ್ಕದಲ್ಲಿ ಕೂತಿದ್ದೆ, ಅಷ್ಟೇ, ಬೇರೆ ಎಲ್ಲಿ ಕೂರಲಿ, ನೆಲದ ತುಂಬ ಗಾಜು.

ಮೇಲೆ ಬಂದಾಗ ಟ್ರೇಲರ್ ಇರಲಿಲ್ಲ. ನಡೀನ್‌ಳ ಕಾರು ಹೊಲದ ನಡುವೆ ಬೋರಲು ಬಿದ್ದಿತ್ತು. ನನ್ನ ಮನೆಯ ಮಾಡು ಅರ್ಧ ಇದೆ.

ಜೂನ್ 18

ನಡೀನ್ ಹಣೆಗೆ ಪಟ್ಟಿ ಕಟ್ಟಿಕೊಂಡು, ತಮ್ಮನ ಕಾರಿನಲ್ಲಿ ಟಪಾಲು ಹಂಚುತ್ತಿದ್ದಾಳೆ. ಅಗಣಿ ಯಾಕೆ ಹಾಕಿದ್ದು ಅಂತ ಕೇಳಿದಳು. ನರಿ ಕಾಟ ಎಂದೆ. ಹಿಡಿದಿರಾ ಎಂದಳು. ನಾನು ಪತ್ರ ಕಸಿದುಕೊಂಡು ಒಳಗೆ ಬಂದೆ.

ವರ್ನ್ ನಮ್ಮ ಟ್ರ್ಯಾಕ್ಟರ್ ಕೊಟ್ಟಿಗೆಯಲ್ಲಿ ಮಲಗುತ್ತಾನೆ. ಎಲ್ಲಿಗೆ ಕಳಿಸಲಿ, ಮನೆಯಿಲ್ಲದವನನ್ನು? ಕ್ಷಮೆ ಗಿಮೆ ಏನೂ ಇಲ್ಲ. ಕಾಫಿಗೆ ಸಕ್ಕರೆ ಹಾಕುವುದಿಲ್ಲ, ಅದೇ ಶಿಕ್ಷೆ. ಸಕ್ಕರೆ ಡಬ್ಬಿ ಎಲ್ಲಿದೆ ಅಂತ ಅವನಿಗೆ ಗೊತ್ತಾಗಿದೆ, ನಾನು ನೋಡದ ಹಾಗಿದ್ದೇನೆ.

ಇವತ್ತು ಬೆಳಗ್ಗೆ ನೆಲಮಾಳಿಗೆಯ ಬಾಗಿಲಿಗೆ ಹೊಸ ಹಗ್ಗ ಕಟ್ಟಿದ. ಮೂರು ಜನ ಹಿಡಿಯುವಷ್ಟು ಉದ್ದ. ಸುತ್ತಿಗೆಯನ್ನು ಒರೆಸಿ, ಎರಡೂ ಕೈಯಲ್ಲಿ ಹಿಡಿದು, ಅಡುಗೆಮನೆ ಬಾಗಿಲಲ್ಲಿ ನಿಂತ.

"ತಗೋ ಫಿಲೋ. ಇದು ನಿನ್ನ ಹತ್ರ ಇರಬೇಕು."

ನನ್ನ ಕೈ ಹಿಟ್ಟಿನಲ್ಲಿತ್ತು. "ಎಲ್ಲಿಡಲಿ ಈಗ? ನಿನ್ನ ಹತ್ರವೇ ಇರಲಿ. ಬೇಲಿ ಇನ್ನೂ ಅರ್ಧ ಉಳಿದಿದೆ."

ಅವನು ನನ್ನ ಮುಖ ನೋಡಿದ. "ಮುಟ್ಟಬೇಡ ಅಂದಿದ್ದೆ."

"ಹಸು ಆಚೆ ಹೋಗ್ತಿವೆ ಅಂತ ನೀನೇ ತಾನೇ ಹೇಳಿದ್ದು? ಮುಗಿಸಿ ತಂದುಕೊಡು."

ಹೊರಟುಹೋದ. ಈಗ ಸಂಜೆ. ಪಶ್ಚಿಮದಲ್ಲಿ ಮೋಡ ಏಳುತ್ತಿದೆ, ಬುಡ ಕಪ್ಪಾಗುತ್ತಿದೆ. ಹೊಲದಂಚಿನಿಂದ ಆಲ್ವಿನ್‌ನ ಸುತ್ತಿಗೆಯ ಸದ್ದು ಕೇಳಿಸುತ್ತಿದೆ. ಅದು ನಿಂತ ಕೂಡಲೇ ಅವನನ್ನು ಒಳಗೆ ಕರೆಯಬೇಕು.